ಕಾಯಿಲ್ ಬಿಸಿಯಾಗ್ತಿಲ್ಲ ಅಂದ್ರೆ ಕಾಯಿಲ್ ದೊಡ್ಡದು ಮಾಡ್ಬೇಡಿ

ಮೊದಲ ಪ್ರಶ್ನೆ ಏನು ಬರುತ್ತೆ ಅಂತ ಗೊತ್ತು. ವರ್ಷದ ಹೆಚ್ಚಿನ ದಿನ ಫ್ಯಾನ್ ಹಾಕ್ಕೊಂಡೇ ಮಲಗೋ ಊರಲ್ಲಿ ಕೂತು ಹೀಟಿಂಗ್ ಕಾಯಿಲ್ ಬಗ್ಗೆ ಲೇಖನ ಯಾಕಪ್ಪಾ? ಬೆಂಗಳೂರಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನಮ್ಮ ಆಫೀಸ್ ಕಟ್ಟಡಗಳಿಗೆ ಹೀಟರ್ ಬೇಕಾಗಿಲ್ಲ ಅನ್ನೋದು ಬಹುಮಟ್ಟಿಗೆ ನಿಜವೇ.

ಆದರೆ ಕಟ್ಟಡಗಳ ಎನರ್ಜಿ ಸಿಮ್ಯುಲೇಷನ್ ಕಲಿಯೋಕೆ ಕೂತವರನ್ನ ಕೇಳಿ ನೋಡಿ. ಅಮೆರಿಕದ ಇಂಧನ ಇಲಾಖೆ 2001ರಲ್ಲಿ ಬಿಡುಗಡೆ ಮಾಡಿದ ಎನರ್ಜಿಪ್ಲಸ್ ಇವತ್ತು ಯಾರು ಬೇಕಾದ್ರೂ ಉಚಿತವಾಗಿ ಇಳಿಸಿಕೊಳ್ಳಬಹುದಾದ ತಂತ್ರಾಂಶ. ಅದರ ಜೊತೆ ಬರೋ ಉದಾಹರಣೆ ಫೈಲ್‌ಗಳಲ್ಲಿ ಬಹಳಷ್ಟು ಷಿಕಾಗೊ ಹವಾಮಾನದವು. ಅಂದ್ರೆ ಲ್ಯಾಬ್‌ನಲ್ಲಿ ಮೊದಲ ದಿನ ಫೈಲ್ ತೆರೆದ ಕೂಡಲೇ ನಾವು ಮಂಜು ಬೀಳೋ ಊರಲ್ಲಿರ್ತೀವಿ. ಆಮೇಲೆ ಕೆಲಸ ಸಿಕ್ಕರೆ? ಬೆಂಗಳೂರಿನ ಎಷ್ಟೋ ಕನ್ಸಲ್ಟಿಂಗ್ ಆಫೀಸುಗಳಲ್ಲಿ ಕೂತ ನಮ್ಮ ಸೀನಿಯರ್‌ಗಳು ಅಮೆರಿಕ, ಯೂರೋಪಿನ ಕಟ್ಟಡಗಳ ಮಾಡೆಲ್ ಮಾಡ್ತಿದ್ದಾರೆ. ಗೀಸರ್ ಬಿಟ್ಟು ಬೇರೆ ಹೀಟರ್ ನೋಡದ ಹುಡುಗ ಹುಡುಗಿಯರು ಜನವರಿಯ ಷಿಕಾಗೊದಲ್ಲಿ ಕಾಯಿಲ್ ಯಾಕೆ ಸೊನ್ನೆ ತೋರಿಸ್ತಿದೆ ಅಂತ ಹೇಳಬೇಕು.

ಹೇಗೆ ಹೇಳ್ತೀವಿ? ಹೆಚ್ಚಿನವರು ಹೇಳೋದೇ ಇಲ್ಲ. ಕಾಯಿಲ್‌ನ ಕೆಪ್ಯಾಸಿಟಿ ಅನ್ನೋ ಜಾಗದಲ್ಲಿ ದೊಡ್ಡ ಅಂಕಿ ತುಂಬಿ ಮತ್ತೆ ರನ್ ಕೊಡ್ತೀವಿ. ಸರಿಹೋಯ್ತಾ, ಸಬ್ಮಿಟ್. ಸರಿಹೋಗಲಿಲ್ವಾ, ಇನ್ನೊಂದು ಸೊನ್ನೆ ಸೇರಿಸ್ತೀವಿ. ನನ್ನ ವಾದ ಇಷ್ಟೇ: ಕಾಯಿಲ್ ಅನ್ನೋದು ಇಡೀ ಮಾಡೆಲ್‌ನಲ್ಲಿ ಹೇಳಿದ್ದನ್ನ ಚಾಚೂ ತಪ್ಪದೆ ಮಾಡೋ ಭಾಗ. ಅದರ ಅಂಕಿ ವಿಚಿತ್ರವಾಗಿ ಬಂದ್ರೆ ಅದಕ್ಕೆ ಹೇಳಿದವರು ಯಾರು ಅಂತ ಹುಡುಕಬೇಕು. ಆ ಹುಡುಕಾಟ ಬಿಟ್ಟು ಅಂಕಿ ಬದಲಾಯಿಸೋದನ್ನ ನಾವು ಟ್ರಬಲ್‌ಶೂಟಿಂಗ್ ಅಂತ ಕರೀಬಾರದು, ನಮ್ಮ ಲ್ಯಾಬ್‌ಗಳು ಅದಕ್ಕೆ ಮಾರ್ಕ್ಸ್ ಕೊಡಲೂಬಾರದು.

ಗೀಸರ್‌ನಿಂದ ಶುರು ಮಾಡೋಣ

ಬಾತ್‌ರೂಮಲ್ಲಿ ಬಿಸಿನೀರು ಬರ್ತಿಲ್ಲ ಅಂದ್ಕೊಳ್ಳಿ. ಯಾರಾದ್ರೂ ತಕ್ಷಣ ಅಂಗಡಿಗೆ ಹೋಗಿ ದೊಡ್ಡ ಗೀಸರ್ ತರ್ತಾರಾ? ಮೊದಲು ಸ್ವಿಚ್ ನೋಡ್ತೀವಿ. ಕರೆಂಟ್ ಇದೆಯಾ ನೋಡ್ತೀವಿ. ನಾಬ್ ಎಷ್ಟಕ್ಕೆ ತಿರುಗಿಸಿದೆ ಅಂತ ನೋಡ್ತೀವಿ. ಗ್ಯಾಸ್ ಗೀಸರ್ ಆದ್ರೆ ಇನ್ನೂ ಒಂದು ವಿಷಯ ಎಲ್ಲರಿಗೂ ಗೊತ್ತು: ನಲ್ಲಿಯಲ್ಲಿ ನೀರು ರಭಸವಾಗಿ ಹರಿಯದಿದ್ರೆ ಅದು ಹೊತ್ತಿಕೊಳ್ಳೋದೇ ಇಲ್ಲ.

ಹೀಟಿಂಗ್ ಕಾಯಿಲ್ ಕೂಡ ಹೀಗೇ. ಒಂದು ಕಡೆ ಗಾಳಿ ಹರಿಯುತ್ತೆ. ಇನ್ನೊಂದು ಕಡೆ ಬಿಸಿನೀರೋ, ಕರೆಂಟೋ, ಗ್ಯಾಸೋ, ಹೀಟ್ ಪಂಪಿನ ರೆಫ್ರಿಜರೆಂಟೋ ಶಾಖ ಕೊಡುತ್ತೆ. ಹೊರಗೆ ಹೋಗೋ ಗಾಳಿ ಎಷ್ಟು ಡಿಗ್ರಿ ಇರಬೇಕು ಅಂತ ಯಾರೋ ಒಬ್ಬರು ಹೇಳ್ತಾರೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ನಾಲ್ಕೇ. ಗಾಳಿ ಹರೀತಿದೆಯಾ? ಶಾಖದ ಮೂಲ ಬಿಸಿ ಇದೆಯಾ? ಬಿಸಿ ಮಾಡು ಅಂತ ಯಾರು ಕೇಳಿದ್ರು, ಎಷ್ಟು ಕೇಳಿದ್ರು? ಕಾಯಿಲ್‌ನ ಗಾತ್ರ ಯಾವ ಲೆಕ್ಕದಿಂದ ಬಂತು? ಗಾತ್ರದ ಪ್ರಶ್ನೆ ಕೊನೆಯದು. ನಾವು ಅದನ್ನೇ ಮೊದಲು ಮುಟ್ಟೋದು.

ಮೊದಲು ಪೆನ್ನು, ಆಮೇಲೆ ಮೌಸ್

ಈ ನಾಲ್ಕು ಪ್ರಶ್ನೆಗೂ ಮುಂಚೆ ಒಂದು ಕೈಲೆಕ್ಕ ಬೇಕು. ಎರಡನೇ ವರ್ಷದ ಥರ್ಮೋಡೈನಾಮಿಕ್ಸ್ ಸಾಕು. ಸೆಕೆಂಡಿಗೆ ಒಂದು ಘನ ಮೀಟರ್ ಗಾಳಿ ಅಂದ್ರೆ ಸುಮಾರು 1.2 ಕಿಲೋಗ್ರಾಂ. ಅದನ್ನ ಒಂದು ಡಿಗ್ರಿ ಬಿಸಿ ಮಾಡೋಕೆ ಸುಮಾರು 1.2 ಕಿಲೋವ್ಯಾಟ್ ಬೇಕು. ಈ ಒಂದು ಅಂಕಿ ಬಾಯಿಪಾಠ ಇದ್ರೆ ಅರ್ಧ ಜಗಳ ಮುಗೀತು.

ಎನರ್ಜಿಪ್ಲಸ್‌ನ ಷಿಕಾಗೊ ಉದಾಹರಣೆಗಳಲ್ಲಿ ಚಳಿಗಾಲದ ಡಿಸೈನ್ ಡೇ ತಾಪಮಾನ ಮೈನಸ್ 17.3 ಡಿಗ್ರಿ. ಕೋಣೆಯಿಂದ ವಾಪಸ್ ಬರೋ ಗಾಳಿ 21 ಡಿಗ್ರಿ ಅಂತಿಟ್ಕೊಳ್ಳಿ. ಶೇ. 30ರಷ್ಟು ಹೊರಗಾಳಿ ಬೆರೆಸಿದ್ರೆ ಮಿಶ್ರಣ ಸುಮಾರು 9.5 ಡಿಗ್ರಿ. ಅದನ್ನ 16ಕ್ಕೆ ಏರಿಸಬೇಕಾದ್ರೆ 6.5 ಡಿಗ್ರಿ, ಅಂದ್ರೆ ಸೆಕೆಂಡಿಗೆ ಒಂದು ಘನ ಮೀಟರ್‌ಗೆ ಸುಮಾರು 7.8 ಕಿಲೋವ್ಯಾಟ್. ಪೂರ್ತಿ ಹೊರಗಾಳಿಯೇ ಆದ್ರೆ 33 ಡಿಗ್ರಿಗೂ ಹೆಚ್ಚು ಏರಿಸಬೇಕು, 40 ಕಿಲೋವ್ಯಾಟ್ ಬೇಕು. ಈಗ ನಿಮ್ಮ ಮಾಡೆಲ್ 8ರ ಆಸುಪಾಸು ಹೇಳ್ತಿದ್ರೆ ನೆಮ್ಮದಿ. 40 ಹೇಳ್ತಿದ್ರೆ ಹೊರಗಾಳಿ ಡ್ಯಾಂಪರ್ ಪೂರ್ತಿ ತೆರೆದಿದೆ ಅನ್ನೋ ಅನುಮಾನ. ಸೊನ್ನೆ ಹೇಳ್ತಿದ್ರೆ ಮುಂದೆ ಹುಡುಕಬೇಕು.

ಇದೇ ಲೆಕ್ಕ ಬೆಂಗಳೂರಿಗೆ ಮಾಡುವಾಗ ಒಂದು ಸಣ್ಣ ತಿದ್ದುಪಡಿ. ನಾವು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದ್ದೀವಿ, ಗಾಳಿಯ ಸಾಂದ್ರತೆ ಶೇ. 10ರಷ್ಟು ಕಡಿಮೆ. ಎನರ್ಜಿಪ್ಲಸ್ ಈ ಎತ್ತರವನ್ನ ಲೆಕ್ಕಕ್ಕೆ ತಗೊಳ್ಳುತ್ತೆ. ನಾವು ತಗೊಳ್ಳದಿದ್ರೆ ನಮ್ಮ ಕೈಲೆಕ್ಕಕ್ಕೂ ಅದರ ಉತ್ತರಕ್ಕೂ ಅಷ್ಟು ವ್ಯತ್ಯಾಸ ಬಂದು, ಇಲ್ಲದ ತಪ್ಪನ್ನ ಹುಡುಕ್ತಾ ಕೂರ್ತೀವಿ.

ಇನ್ನೊಂದು ಗೊಂದಲ ಯೂನಿಟ್‌ದು. ವರದಿಯಲ್ಲಿ ಕಾಯಿಲ್ ಕೊಟ್ಟ ಶಾಖ ಜೂಲ್‌ನಲ್ಲಿ ಬರುತ್ತೆ. 36 ಲಕ್ಷ ಜೂಲ್ ಸೇರಿದ್ರೆ ಒಂದು ಕಿಲೋವ್ಯಾಟ್ ಅವರ್, ಅಂದ್ರೆ ಕರೆಂಟ್ ಬಿಲ್‌ನ ಒಂದು ಯೂನಿಟ್. ಜೊತೆಗೆ ಗ್ಯಾಸ್ ಕಾಯಿಲ್ ಆದ್ರೆ ಗಾಳಿಗೆ ಕೊಟ್ಟ ಶಾಖವೇ ಬೇರೆ, ಉರಿದ ಗ್ಯಾಸೇ ಬೇರೆ. ಶೇ. 80 ದಕ್ಷತೆ ಇದ್ರೆ 8 ಕೊಡೋಕೆ 10 ಉರಿಸಬೇಕು. ಎರಡನ್ನೂ ಒಂದೇ ಅಂತ ಓದಿಕೊಂಡು ಮಾಡೆಲ್ ಕೆಟ್ಟಿದೆ ಅಂತ ಕೂಗೋದು ಮಾಡೆಲ್‌ಗೆ ಮಾಡೋ ಅನ್ಯಾಯ.

ಯಾರು ಕೇಳಿದ್ರು, ಎಷ್ಟು ಕೇಳಿದ್ರು?

ಸೆಂಟ್ರಲ್ ಸಿಸ್ಟಂನ ಕಾಯಿಲ್‌ಗೆ ಕೋಣೆ ಚಳಿಯಾಗಿದೆ ಅಂತ ಸಾಮಾನ್ಯವಾಗಿ ನೇರವಾಗಿ ಗೊತ್ತಾಗಲ್ಲ. ಅದರ ಮುಂದಿನ ನೋಡ್‌ನಲ್ಲಿ ಒಂದು ಸೆಟ್‌ಪಾಯಿಂಟ್ ಬರೆದಿರುತ್ತೆ. ಒಳಗೆ ಬಂದ ಗಾಳಿ ಅದಕ್ಕಿಂತ ತಣ್ಣಗಿದ್ರೆ ಬಿಸಿ ಮಾಡುತ್ತೆ, ಬೆಚ್ಚಗಿದ್ರೆ ಸುಮ್ಮನಿರುತ್ತೆ. ಸೆಟ್‌ಪಾಯಿಂಟ್ ಬರೆಯೋ ಮ್ಯಾನೇಜರ್ ಬೇರೆ ನೋಡ್‌ಗೆ ಬರೆದಿದ್ರೆ ಕಾಯಿಲ್ ಪಾಲಿಗೆ ಯಾರೂ ಏನೂ ಕೇಳಲೇ ಇಲ್ಲ.

ಇಲ್ಲಿ ನಮ್ಮವರು ಅತಿ ಹೆಚ್ಚು ಎಡವೋ ಜಾಗ ಒಂದಿದೆ. ವಿಎವಿ ಸಿಸ್ಟಂನಲ್ಲಿ ಸೆಂಟ್ರಲ್ ಗಾಳಿಯ ಸೆಟ್‌ಪಾಯಿಂಟ್ ಸಾಮಾನ್ಯವಾಗಿ 12.8 ಡಿಗ್ರಿ ಇರುತ್ತೆ. ಅದು ಕೂಲಿಂಗ್‌ಗಾಗಿ ಇಟ್ಟ ಅಂಕಿ. ಮೇಲಿನ ಲೆಕ್ಕದ 9.5 ಡಿಗ್ರಿ ಗಾಳಿ ಬಂದಾಗ ಸೆಂಟ್ರಲ್ ಕಾಯಿಲ್ ಅದನ್ನ 12.8ಕ್ಕೆ ತಂದು ನಿಲ್ಲಿಸುತ್ತೆ, ಸುಮಾರು 4 ಕಿಲೋವ್ಯಾಟ್. ಹೊರಗೆ ಸ್ವಲ್ಪ ಬೆಚ್ಚಗಾದ್ರೆ ಅದೂ ಸೊನ್ನೆ. ಕೋಣೆಗೆ ಬೇಕಾದ ನಿಜವಾದ ಬಿಸಿ ಕೊಡೋದು ಕೋಣೆಯ ಹತ್ತಿರ ಟರ್ಮಿನಲ್ ಪೆಟ್ಟಿಗೆಯಲ್ಲಿರೋ ರೀಹೀಟ್ ಕಾಯಿಲ್. ಅಂದ್ರೆ ಸೆಂಟ್ರಲ್ ಕಾಯಿಲ್ ಸೊನ್ನೆ ತೋರಿಸಿದ್ದು ಸರಿಯಾದ ಉತ್ತರವೇ ಆಗಿರಬಹುದು. ಆದರೂ ‘ಸೊನ್ನೆ ಬಂತಲ್ಲ’ ಅಂತ ಗಾಬರಿಯಾಗಿ ಸೆಟ್‌ಪಾಯಿಂಟನ್ನ 30ಕ್ಕೆ ಏರಿಸಿದ್ರೆ? ಜುಲೈ ತಿಂಗಳಲ್ಲೂ ಆ ಕಾಯಿಲ್ ಗಾಳಿಯನ್ನ ಕಾಯಿಸೋಕೆ ನೋಡುತ್ತೆ. ಇಲ್ಲದ ಸಮಸ್ಯೆಗೆ ಪರಿಹಾರ ಹುಡುಕಿ ನಿಜವಾದ ಸಮಸ್ಯೆ ತಂದುಕೊಂಡ ಹಾಗಾಯ್ತು.

ಫ್ಯಾನ್ ಕೂಡ ಒಂದು ಪುಟ್ಟ ಹೀಟರ್ ಅನ್ನೋದನ್ನ ಮರೀಬೇಡಿ. 600 ಪ್ಯಾಸ್ಕಲ್ ಒತ್ತಡ ಏರಿಸೋ, ಶೇ. 60 ದಕ್ಷತೆಯ ಫ್ಯಾನ್ ಗಾಳಿಯನ್ನ ಸುಮಾರು 0.8 ಡಿಗ್ರಿ ಬೆಚ್ಚಗೆ ಮಾಡುತ್ತೆ. ಕಾಯಿಲ್ ಆದಮೇಲೆ ಫ್ಯಾನ್ ಇದ್ರೆ ಕಾಯಿಲ್‌ನ ನೋಡ್‌ಗೆ ಅಷ್ಟು ಕಡಿಮೆ ಸೆಟ್‌ಪಾಯಿಂಟ್ ಹೋಗಬೇಕು. ಇದನ್ನ ಲೆಕ್ಕ ಹಾಕಿ ಕೊಡೋ ಸೆಟ್‌ಪಾಯಿಂಟ್ ಮ್ಯಾನೇಜರ್ ಎನರ್ಜಿಪ್ಲಸ್‌ನಲ್ಲೇ ಇದೆ. ನೋಡ್ ಹೆಸರುಗಳನ್ನ ಸರಿಯಾಗಿ ಕೊಡೋದಷ್ಟೇ ನಮ್ಮ ಕೆಲಸ.

ಬಿಸಿನೀರಿನ ಕಾಯಿಲ್‌ಗೆ ಒಬ್ಬ ಕಂಟ್ರೋಲರ್ ಬೇರೆ ಇರ್ತಾನೆ. ಗಾಳಿಯ ನೋಡ್ ನೋಡಿಕೊಂಡು ನೀರಿನ ವಾಲ್ವ್ ತಿರುಗಿಸೋನು ಅವನೇ. ಹೀಟಿಂಗ್‌ಗೆ ಅವನ ಕ್ರಮ ನಾರ್ಮಲ್, ಕೂಲಿಂಗ್‌ಗೆ ರಿವರ್ಸ್. ಕೂಲಿಂಗ್ ಕಾಯಿಲ್‌ನ ಕಂಟ್ರೋಲರನ್ನ ಕಾಪಿ ಪೇಸ್ಟ್ ಮಾಡಿ ಹೆಸರು ಮಾತ್ರ ಬದಲಿಸಿದ್ರೆ ಏನಾಗಬಹುದು ಅಂತ ನೀವೇ ಊಹಿಸಿ.

ಗಾಳಿ ಹರೀತಿದೆಯಾ?

ಶೆಡ್ಯೂಲ್‌ಗಳು ಮಾಡೆಲ್‌ನ ಸ್ವಿಚ್‌ಗಳು. ಕಾಯಿಲ್‌ಗೊಂದು, ಫ್ಯಾನ್‌ಗೊಂದು, ಬಿಸಿನೀರಿನ ಲೂಪ್‌ಗೊಂದು. ಎಲ್ಲವೂ ಒಟ್ಟಿಗೆ ಆನ್ ಇದ್ರೆ ಮಾತ್ರ ಕೋಣೆಗೆ ಬಿಸಿ ತಲುಪುತ್ತೆ. ಫ್ಯಾನ್ ರಾತ್ರಿ ಹತ್ತಕ್ಕೆ ನಿಂತು ಬೆಳಗ್ಗೆ ಎಂಟಕ್ಕೆ ಶುರುವಾದ್ರೆ ಮಧ್ಯರಾತ್ರಿ ಕಾಯಿಲ್ ಏನು ತಾನೇ ಮಾಡೀತು? ನಲ್ಲಿ ತೆರೆಯದ ಗ್ಯಾಸ್ ಗೀಸರ್ ಅದು.

ಹಾಗಾಗಿ ವರ್ಷದ ಒಟ್ಟು ಅಂಕಿ ನೋಡೋದು ಬಿಟ್ಟು ಜನವರಿಯ ಒಂದೇ ಒಂದು ದಿನವನ್ನ ಗಂಟೆ ಗಂಟೆಗೆ ಗ್ರಾಫ್ ಹಾಕಿ. ಕೋಣೆಯ ತಾಪಮಾನ, ಸೆಟ್‌ಪಾಯಿಂಟ್, ಕಾಯಿಲ್‌ಗೆ ಬರೋ ಗಾಳಿ, ಹೋಗೋ ಗಾಳಿ, ಗಾಳಿಯ ಪ್ರಮಾಣ, ಐದೇ ಗೆರೆ. ಕೋಣೆ ಚಳಿಯಾಗಿರೋದು ಬರೀ ಬೆಳಗ್ಗೆ ಎಂಟರಿಂದ ಒಂಬತ್ತರವರೆಗೆ ಅಂತ ಕಂಡ್ರೆ ಕಾಯಿಲ್ ಚಿಕ್ಕದು ಅಂತ ತೀರ್ಪು ಕೊಡೋಕೆ ಅವಸರ ಬೇಡ. ರಾತ್ರಿಯಿಡೀ ತಣ್ಣಗಾದ ಗೋಡೆ, ನೆಲ, ಮೇಜು ಎಲ್ಲ ಬಿಸಿಯಾಗೋಕೆ ಸಮಯ ಬೇಕು. ಫ್ಯಾನನ್ನ ಆರಕ್ಕೇ ಶುರು ಮಾಡಿ, ಅಥವಾ ರಾತ್ರಿ ಕೋಣೆ ತೀರಾ ತಣ್ಣಗಾದ್ರೆ ಫ್ಯಾನ್ ತಾನೇ ಆನ್ ಆಗೋ ಹಾಗೆ ಮಾಡಿ. ದಿನವಿಡೀ ಚಳಿ ಇದ್ರೆ ಮಾತ್ರ ಗಾತ್ರದ ಮಾತು ಬರಬೇಕು.

ಗಾತ್ರ ಎಲ್ಲಿಂದ ಬಂತು?

ಆಟೋಸೈಜ್ ಅಂತ ಬರೆದುಬಿಟ್ರೆ ಕಂಪ್ಯೂಟರ್ ತಾನೇ ಗಾತ್ರ ಹುಡುಕಿಕೊಳ್ಳುತ್ತೆ ಅನ್ನೋದು ಪೂರ್ತಿ ಸುಳ್ಳಲ್ಲ. ಆದರೆ ಯಾವ ಚಳಿಗೆ ಅಂತ ಅದಕ್ಕೆ ಹೇಳೋರು ನಾವು, ಡಿಸೈನ್ ಡೇ ಮೂಲಕ. ವಿಷಯ ಏನಂದ್ರೆ, ಡಿಸೈನ್ ಡೇ ಇರೋದು ಹವಾಮಾನ ಫೈಲ್‌ನಲ್ಲಲ್ಲ, ಕಟ್ಟಡದ ಫೈಲ್‌ನಲ್ಲಿ. ಬೆಂಗಳೂರಿನ ಮಾಡೆಲ್‌ಗೆ ಷಿಕಾಗೊ ಹವಾಮಾನ ಫೈಲ್ ಜೋಡಿಸಿದ ಮಾತ್ರಕ್ಕೆ ಡಿಸೈನ್ ಡೇ ಷಿಕಾಗೊಗೆ ಹೋಗಲ್ಲ, ಬೆಂಗಳೂರಲ್ಲೇ ಉಳಿಯುತ್ತೆ. ನಮ್ಮ ಚಳಿಗಾಲದ ಡಿಸೈನ್ ತಾಪಮಾನ ಹದಿನೈದು ಡಿಗ್ರಿ ಆಸುಪಾಸು. ಅದೇ ಕೈಲೆಕ್ಕಕ್ಕೆ ಹಾಕಿ: ಶೇ. 30 ಹೊರಗಾಳಿ ಬೆರೆತ ಮೇಲೂ ಮಿಶ್ರಣ 19.2 ಡಿಗ್ರಿ. 16 ಬೇಕಾಗಿದ್ದ ಜಾಗದಲ್ಲಿ 19 ಇದ್ರೆ ಕಾಯಿಲ್ ಬೇಕಾ? ಬೇಡ. ಗಾತ್ರ ಸೊನ್ನೆ. ಆಮೇಲೆ ಆ ಸೊನ್ನೆ ಕಾಯಿಲ್ ಷಿಕಾಗೊ ಜನವರಿಗೆ ಎದುರಾಗಿ ನಿಲ್ಲುತ್ತೆ. ತಂತ್ರಾಂಶದ ತಪ್ಪು ಒಂದಿನಿತೂ ಇಲ್ಲ.

ಹೀಟ್ ಪಂಪ್ ಕಾಯಿಲ್ ಆದ್ರೆ ಇನ್ನೊಂದು ಮಾತು ಸೇರಿಸಬೇಕು. ಅದರ ಮೇಲೆ ಬರೆದ ಸಾಮರ್ಥ್ಯ ಹೊರಗೆ 8.33 ಡಿಗ್ರಿ ಇದ್ದಾಗಿನದು. ಹೊರಗೆ ಚಳಿ ಏರಿದಷ್ಟೂ ಅದು ಕುಸಿಯುತ್ತೆ. ಎನರ್ಜಿಪ್ಲಸ್‌ನ ಡಿಫಾಲ್ಟ್ ಪ್ರಕಾರ ಒಂದೇ ವೇಗದ ಹೀಟ್ ಪಂಪ್ ಕಾಯಿಲ್‌ನ ಕಂಪ್ರೆಸರ್ ಮೈನಸ್ 8ಕ್ಕಿಂತ ಕೆಳಗೆ ಓಡೋದೇ ಇಲ್ಲ. ಮೈನಸ್ 17ರಲ್ಲಿ ಆ ಕಾಯಿಲ್ ಸೊನ್ನೆ ತೋರಿಸಿ, ಪಕ್ಕದ ಸಪ್ಲಿಮೆಂಟಲ್ ಹೀಟರ್ ಮೀಟರ್ ಗಿರಗಿರ ತಿರುಗ್ತಿದ್ರೆ ಆಶ್ಚರ್ಯ ಪಡಬೇಕಾಗಿಲ್ಲ. ನಿಮ್ಮ ಯಂತ್ರ ಅದಕ್ಕಿಂತ ಚಳಿಯಲ್ಲೂ ಓಡುತ್ತೆ ಅಂತ ತಯಾರಕರ ದಾಖಲೆ ಹೇಳಿದ್ರೆ ಆ ಅಂಕಿ ಬದಲಿಸಿ. ಉತ್ತರ ಚೆನ್ನಾಗಿ ಕಾಣಲಿ ಅಂತ ಬದಲಿಸ್ಬೇಡಿ.

ನೀರು ಎಷ್ಟು ಬಿಸಿ?

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಈ ಭಾಗ. ಯಾಕಂದ್ರೆ ಇಲ್ಲಿ ಮಾಡೆಲ್‌ನ ತಪ್ಪು ನಿಜವಾದ ಕಟ್ಟಡದೊಳಗೆ ಕೂತವರಿಗೆ ಚಳಿಯಾಗಿ ತಟ್ಟುತ್ತೆ.

ಹಳೇ ಬಾಯ್ಲರ್ ಕಟ್ಟಡಗಳಲ್ಲಿ ಬಿಸಿನೀರು 82 ಡಿಗ್ರಿಗೆ ಹೊರಟು 71ಕ್ಕೆ ವಾಪಸ್ ಬರೋದು ವಾಡಿಕೆ. ಕಾಯಿಲ್‌ನ ಗಾತ್ರ ಆ ಅಂಕಿಗಳ ಮೇಲೆ ನಿಂತಿರುತ್ತೆ. ಅದೇ ಕಾಯಿಲ್‌ಗೆ 60 ಡಿಗ್ರಿ ನೀರು ಕೊಟ್ರೆ, ನಮ್ಮ 9.5ರಿಂದ 16ರ ಉದಾಹರಣೆಯಲ್ಲಿ, ಸುಮಾರು ಶೇ. 70 ಶಾಖ ಸಿಗುತ್ತೆ. 45 ಡಿಗ್ರಿ ನೀರು ಕೊಟ್ರೆ ಸುಮಾರು ಅರ್ಧ. ಲೂಪ್‌ನ ಗಾತ್ರ ಲೆಕ್ಕ ಹಾಕುವಾಗ 82 ಅಂತ ಬರೆದು, ಶೆಡ್ಯೂಲ್‌ನಲ್ಲಿ 60 ಅಂತ ಕೊಟ್ಟ ಮಾಡೆಲ್‌ಗಳಲ್ಲಿ ಕಾಯಿಲ್ ‘ಸಾಕಾಗ್ತಿಲ್ಲ’ ಅನ್ನಿಸೋದು ಇದಕ್ಕೇ. ಇನ್ನೊಂದು ತುದಿಯಲ್ಲಿ, 45 ಡಿಗ್ರಿ ನೀರಿನಿಂದ 50 ಡಿಗ್ರಿ ಗಾಳಿ ಬೇಕು ಅಂತ ಕೇಳಿದ್ರೆ ಕಾಯಿಲ್‌ನ ಶಾಖ ವರ್ಗಾವಣೆಯ ಅಂಕಿ ಲೆಕ್ಕ ಹಾಕೋಕೇ ಆಗಲ್ಲ ಅಂತ ತಂತ್ರಾಂಶ ಕೈಚೆಲ್ಲುತ್ತೆ. ಎಷ್ಟೇ ದೊಡ್ಡ ಕಾಯಿಲ್ ಆದ್ರೂ ನೀರಿಗಿಂತ ಬಿಸಿಯಾದ ಗಾಳಿ ಹೊರಡೋಕೆ ಸಾಧ್ಯ ಇಲ್ಲ. ಆ ಎರರ್ ಓದಿ ಬೈಕೊಳ್ಳೋ ಬದಲು ಥ್ಯಾಂಕ್ಸ್ ಹೇಳಬೇಕು, ಅದು ಉಷ್ಣಗತಿಶಾಸ್ತ್ರದ ನಿಯಮವನ್ನ ನೆನಪಿಸ್ತಿದೆ.

ಈಗ ನಿಜವಾದ ಪ್ರಶ್ನೆ. ಗ್ಯಾಸ್ ಬಾಯ್ಲರ್ ತೆಗೆದು ಹೀಟ್ ಪಂಪ್ ಹಾಕೋಣ ಅಂತ ಚಳಿ ದೇಶಗಳಲ್ಲಿ ಎಷ್ಟೋ ಕಟ್ಟಡಗಳ ಮಾಲೀಕರು ಯೋಚಿಸ್ತಿದ್ದಾರೆ. ಹೀಟ್ ಪಂಪ್ ಚೆನ್ನಾಗಿ ಕೆಲಸ ಮಾಡೋದು ಕಡಿಮೆ ಬಿಸಿಯ ನೀರಿನಲ್ಲಿ. ಗೋಡೆಯೊಳಗೆ, ಸೀಲಿಂಗ್ ಮೇಲೆ ಈಗಾಗಲೇ ಇರೋ ಹಳೇ ಕಾಯಿಲ್ ಆ ನೀರಿನಲ್ಲಿ ಕೋಣೆಯನ್ನ ಬೆಚ್ಚಗಿಡುತ್ತಾ ಅನ್ನೋದೇ ಸಿಮ್ಯುಲೇಷನ್ ಉತ್ತರಿಸಬೇಕಾದ ಪ್ರಶ್ನೆ. ಅಂಥ ಮಾಡೆಲ್‌ನಲ್ಲಿ ಯಾರಾದ್ರೂ ಕಾಯಿಲ್ ಮುಂದೆ ಆಟೋಸೈಜ್ ಅಂತ ಬಿಟ್ಟರೆ ತಂತ್ರಾಂಶ ಸದ್ದಿಲ್ಲದೆ ಹೊಸ ನೀರಿಗೆ ತಕ್ಕ ಹೊಸ ದೊಡ್ಡ ಕಾಯಿಲ್ ಕಲ್ಪಿಸಿಕೊಳ್ಳುತ್ತೆ. ವರದಿಯಲ್ಲಿ ಎಲ್ಲ ಬೆಚ್ಚಗೆ, ಎಲ್ಲ ಹಸಿರು. ಆ ದೊಡ್ಡ ಕಾಯಿಲನ್ನ ಕೊಂಡವರು ಯಾರೂ ಇಲ್ಲ. ಕಂಪ್ಯೂಟರಲ್ಲಿ ಆಟೋಸೈಜ್ ಫ್ರೀ, ಕಟ್ಟಡದಲ್ಲಿ ಅದಕ್ಕೆ ಸೀಲಿಂಗ್ ಒಡೀಬೇಕು. ಹಾಗಾಗಿ ಇರೋ ಕಟ್ಟಡದ ಮಾಡೆಲ್‌ನಲ್ಲಿ ಇರೋ ಕಾಯಿಲ್‌ನ ಅಂಕಿಗಳನ್ನೇ ಕೈಯಾರೆ ತುಂಬಬೇಕು. ಆಗ ಬರೋ ಚಳಿ ತಪ್ಪಲ್ಲ, ಅದೇ ಉತ್ತರ.

ಬೇಡದಾಗ ಬಿಸಿಯಾಗೋ ಕಾಯಿಲ್

ಇಲ್ಲಿವರೆಗೆ ಬಿಸಿಯಾಗದ ಕಾಯಿಲ್ ಕಥೆ ಆಯ್ತು. ನಮ್ಮ ಊರಿನ ಮಾಡೆಲ್‌ಗಳಲ್ಲಿ ಉಲ್ಟಾ ದೂರು ಹೆಚ್ಚು: ‘ಏಪ್ರಿಲ್‌ನಲ್ಲಿ ಹೀಟಿಂಗ್ ತೋರಿಸ್ತಿದೆ, ಮಾಡೆಲ್ ಹಾಳಾಗಿದೆ.’ ಇದಕ್ಕೆ ನಮ್ಮವರ ಮದ್ದು ಒಂದೇ, ಕಾಯಿಲ್ ಡಿಲೀಟ್.

ಸ್ವಲ್ಪ ನಿಲ್ಲಿ. ವಿಎವಿ ಪೆಟ್ಟಿಗೆಗೆ ಕನಿಷ್ಠ ಗಾಳಿ ಶೇ. 30 ಅಂತ ಕೊಟ್ಟಿದ್ದೀರಿ. ಇಬ್ಬರೇ ಕೂತಿರೋ ಕೋಣೆಗೂ 12.8 ಡಿಗ್ರಿಯ ಅಷ್ಟು ಗಾಳಿ ಬಂದೇ ಬರುತ್ತೆ. ಕೋಣೆ ಅತಿ ತಣ್ಣಗಾಗುತ್ತೆ, ಥರ್ಮೋಸ್ಟಾಟ್ ಹೀಟಿಂಗ್ ಕೇಳುತ್ತೆ, ರೀಹೀಟ್ ಕಾಯಿಲ್ ಆನ್ ಆಗುತ್ತೆ. ದುಡ್ಡು ಕೊಟ್ಟು ತಣ್ಣಗೆ ಮಾಡಿದ ಗಾಳಿಯನ್ನ ಮತ್ತೆ ದುಡ್ಡು ಕೊಟ್ಟು ಬಿಸಿ ಮಾಡೋ ಈ ಕೆಲಸ ನಿಜವಾದ ಕಟ್ಟಡಗಳಲ್ಲೂ ದಿನಾ ನಡೀತಿದೆ. ಮಾಡೆಲ್ ಅದನ್ನ ಹಿಡಿದು ತೋರಿಸಿದೆ. ಕನಿಷ್ಠ ಗಾಳಿ ಇಳಿಸಬಹುದಾ, ಸೆಂಟ್ರಲ್ ಸೆಟ್‌ಪಾಯಿಂಟನ್ನ ಅಗತ್ಯಕ್ಕೆ ತಕ್ಕಂತೆ ಏರಿಸಬಹುದಾ, ಹೀಟಿಂಗ್ ಮತ್ತು ಕೂಲಿಂಗ್ ಥರ್ಮೋಸ್ಟಾಟ್ ನಡುವೆ ಸಾಕಷ್ಟು ಅಂತರ ಇದೆಯಾ ಅಂತ ನೋಡೋದು ಇಂಜಿನಿಯರಿಂಗ್. ಕಾಯಿಲ್ ಅಳಿಸೋದು ಕನ್ನಡಿ ಒಡೆದ ಹಾಗೆ.

ಮಂಗಳೂರಿಗೆ ಹೋದ್ರೆ ಕಥೆ ಇನ್ನೊಂದು. ಬೆಂಗಳೂರು ನಮ್ಮ ಎನರ್ಜಿ ಕೋಡ್‌ನ ಪ್ರಕಾರ ಸಮಶೀತೋಷ್ಣ ವಲಯ, ಮಂಗಳೂರು ಬಿಸಿ ಮತ್ತು ತೇವದ ವಲಯ. ಆಪರೇಷನ್ ಥಿಯೇಟರ್, ಲ್ಯಾಬ್, ಮ್ಯೂಸಿಯಂನಂಥ ಕಡೆ ತೇವಾಂಶ ಹಿಡಿತದಲ್ಲಿರಬೇಕು. 24 ಡಿಗ್ರಿ, ಶೇ. 55 ತೇವಾಂಶದ ಕೋಣೆಯ ಇಬ್ಬನಿ ಬಿಂದು ಸುಮಾರು 14 ಡಿಗ್ರಿ. ಗಾಳಿಯಿಂದ ನೀರು ಹಿಂಡಬೇಕಾದ್ರೆ ಅದಕ್ಕಿಂತ ಕೆಳಗೆ ತಣ್ಣಗೆ ಮಾಡಲೇಬೇಕು, ಆಮೇಲೆ ಕೋಣೆಗೆ ಹಿತವಾಗೋಷ್ಟು ಮತ್ತೆ ಬಿಸಿ ಮಾಡಬೇಕು. ಜೂನ್ ಮಳೆಯಲ್ಲಿ ಹೀಟಿಂಗ್ ಕಾಯಿಲ್ ಓಡೋದು ಅಲ್ಲಿ ತಪ್ಪಲ್ಲ, ತೇವಾಂಶಕ್ಕೆ ಕೊಡೋ ಬೆಲೆ. ‘ಕರಾವಳಿಯಲ್ಲಿ ಹೀಟರ್ ಯಾಕೆ’ ಅಂತ ಕಿತ್ತು ಹಾಕಿದ್ರೆ ವರದಿಯ ಅಂಕಿ ಸುಂದರವಾಗುತ್ತೆ, ಕೋಣೆಯಲ್ಲಿ ಮಾತ್ರ ಬೂಷ್ಟು ಬರುತ್ತೆ.

ಥರ್ಮಾಮೀಟರ್ ಬದಲಾಯಿಸೋ ಚಟ

ಅನ್‌ಮೆಟ್ ಅವರ್ಸ್ ಅಂದ್ರೆ ಕೋಣೆ ಸೆಟ್‌ಪಾಯಿಂಟ್ ಮುಟ್ಟದೆ ಉಳಿದ ಗಂಟೆಗಳು. ಆಶ್ರೇ 90.1ರ ಅಪೆಂಡಿಕ್ಸ್ ಜಿ ಪ್ರಕಾರ ವರ್ಷದ 8760 ಗಂಟೆಗಳಲ್ಲಿ ಇದು 300 ದಾಟಬಾರದು. ಈ 300ರ ಗೆರೆಯೇ ಎಷ್ಟೋ ಮಾಡೆಲರ್‌ಗಳ ನಿದ್ದೆ ಕೆಡಿಸಿದೆ.

ಎನರ್ಜಿಪ್ಲಸ್‌ನಲ್ಲಿ ಇದನ್ನ ಎಣಿಸೋ ಸಹಿಷ್ಣುತೆ ಡಿಫಾಲ್ಟಾಗಿ 0.2 ಡಿಗ್ರಿ. ಅದನ್ನ ಒಂದು ಡಿಗ್ರಿಗೆ ಏರಿಸಿದ್ರೆ ನೂರಾರು ಗಂಟೆ ಮಾಯ ಆಗಬಹುದು. ಒಂದು ಜೂಲ್ ಕೂಡ ಬದಲಾಗಿರಲ್ಲ. ಜ್ವರ ಇಳಿಯಲಿಲ್ಲ, ಥರ್ಮಾಮೀಟರ್ ಬದಲಾಯ್ತು ಅಷ್ಟೇ. ನ್ಯಾಯವಾಗಿ ಹೇಳಬೇಕಂದ್ರೆ, ನಿಜವಾದ ಥರ್ಮೋಸ್ಟಾಟ್‌ಗಳಿಗೂ ಒಂದು ಓಲಾಡೋ ವ್ಯಾಪ್ತಿ ಇದೆ, ಅದಕ್ಕೆ ತಕ್ಕಂತೆ ಸಹಿಷ್ಣುತೆ ಇಡೋದು ತಪ್ಪಲ್ಲ. ಆದರೆ ಅದನ್ನ ಮೊದಲೇ ನಿರ್ಧರಿಸಿ, ಕಾರಣ ಬರೆದು ಇಡಬೇಕು. ರಾತ್ರಿ ಎರಡು ಗಂಟೆಗೆ 312 ಕಂಡಾಗ ಇಡೋದಲ್ಲ.

ಎರರ್ ಫೈಲ್ ಕಥೆಯೂ ಇದೇ. ಅದರಲ್ಲಿ ಮೂರು ದರ್ಜೆ: ವಾರ್ನಿಂಗ್, ಸಿವಿಯರ್, ಫೇಟಲ್. ಫೇಟಲ್ ಬಂದ್ರೆ ರನ್ ನಿಲ್ಲುತ್ತೆ, ಅದಕ್ಕೇ ಎಲ್ಲರೂ ಓದ್ತಾರೆ. ವಾರ್ನಿಂಗ್ ಎಷ್ಟೇ ಇದ್ರೂ ಕೊನೆಗೆ ‘ಕಂಪ್ಲೀಟೆಡ್ ಸಕ್ಸಸ್‌ಫುಲಿ’ ಅಂತ ಬರುತ್ತೆ. ಅದರ ಅರ್ಥ ರನ್ ಮುಗೀತು ಅಂತ ಮಾತ್ರ. ಕಟ್ಟಡ ಸರಿ ಇದೆ ಅಂತ ಅದು ಎಲ್ಲೂ ಹೇಳಿಲ್ಲ. ಇಂಥ ತಂತ್ರಾಂಶಗಳ ಲೆಕ್ಕವನ್ನ ಪರೀಕ್ಷಿಸೋಕೆ ಆಶ್ರೇ 140 ಅಂತ ಪ್ರತ್ಯೇಕ ಮಾನದಂಡವೇ ಇದೆ. ನಾವು ತುಂಬೋ ನೋಡ್ ಹೆಸರು, ಶೆಡ್ಯೂಲ್, ಡಿಸೈನ್ ಡೇಗೆ ಅಂಥ ಪರೀಕ್ಷೆ ಯಾವುದೂ ಇಲ್ಲ. ಅದನ್ನ ನೋಡಬೇಕಾದವರು ನಾವೇ.

‘ಟೈಮ್ ಎಲ್ಲಿದೆ ಗುರೂ?’

ಈ ಮಾತು ಬರುತ್ತೆ. ನಾಳೆ ಸಬ್ಮಿಷನ್, ನಾಡಿದ್ದು ಇಂಟರ್ನಲ್ಸ್. ಕ್ಲೈಂಟ್‌ಗೆ ಬೇಕಾಗಿರೋದು ಅಂಕಿ, ನಿನ್ನ ಪತ್ತೇದಾರಿ ಕಥೆ ಯಾರಿಗೆ ಬೇಕು? ಅದೂ ಅಲ್ಲದೆ ಸಿಮ್ಯುಲೇಷನ್ ಅನ್ನೋದೇ ಅಂದಾಜು, ಸ್ವಲ್ಪ ಆಚೆ ಈಚೆ ಆದ್ರೆ ಏನು?

ಸಮಯದ ಮಾತನ್ನ ಒಪ್ಪಲ್ಲ. ಕೆಪ್ಯಾಸಿಟಿ ಬದಲಿಸಿ ಹತ್ತು ಸಲ ರನ್ ಕೊಡೋಕೆ ಹೋಗೋ ರಾತ್ರಿಗಿಂತ, ಒಂದು ದಿನದ ಗ್ರಾಫ್ ಮತ್ತು ಒಂದು ಕೈಲೆಕ್ಕಕ್ಕೆ ಬೇಕಾದ ಅರ್ಧ ಗಂಟೆ ಅಗ್ಗ. ಅಂದಾಜಿನ ಮಾತಿಗೆ ಉತ್ತರ: ಅಂದಾಜು ಬೇರೆ, ಸುಳ್ಳು ಬೇರೆ. ನಾಳೆ ಹೊರಗೆ ಎಷ್ಟು ಚಳಿ ಅನ್ನೋದು ಅಂದಾಜು. ಬಾಯ್ಲರ್ ಆಫ್ ಇಟ್ಟು ಕಾಯಿಲ್ ದೊಡ್ಡದು ಮಾಡೋದು ಯಾವ ಅಂದಾಜೂ ಅಲ್ಲ.

ಆದರೆ ಹುಡುಗರನ್ನ ಮಾತ್ರ ಬೈಯೋದು ಸರಿಯಲ್ಲ. ರೂಬ್ರಿಕ್ ಏನು ಕೇಳುತ್ತೋ ಅದನ್ನೇ ಎಲ್ಲರೂ ಕೊಡೋದು. ಚದರ ಮೀಟರ್‌ಗೆ ವರ್ಷಕ್ಕೆ ಎಷ್ಟು ಯೂನಿಟ್ ಅನ್ನೋ ಒಂದೇ ಅಂಕಿಗೆ ಮಾರ್ಕ್ಸ್ ಇದ್ರೆ ಆ ಅಂಕಿ ಹೇಗಾದ್ರೂ ಬರುತ್ತೆ, ಪಕ್ಕದ ಬೆಂಚಿನಿಂದಲಾದ್ರೂ. ನನ್ನ ಸಲಹೆ ಮೂರು. ಒಂದು, ಲ್ಯಾಬ್‌ನಲ್ಲಿ ಬೇಕೆಂದೇ ಕೆಡಿಸಿದ ಮಾಡೆಲ್ ಕೊಡಿ. ಒಬ್ಬರಿಗೆ ಡಿಸೈನ್ ಡೇ ತಪ್ಪಿದ್ದು, ಇನ್ನೊಬ್ಬರಿಗೆ ಸೆಟ್‌ಪಾಯಿಂಟ್ ನೋಡ್ ತಪ್ಪಿದ್ದು, ಮತ್ತೊಬ್ಬರಿಗೆ ಏನೂ ತಪ್ಪಿಲ್ಲದೆ ಸುಮ್ಮನೆ ಸೊನ್ನೆ ತೋರಿಸೋದು. ಎರಡು, ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದಕ್ಕೂ ಒಂದು ಸಾಲು ದಾಖಲೆ: ಏನು ಬದಲಿಸಿದೆ, ಏನಾಗಬಹುದು ಅಂದ್ಕೊಂಡೆ, ಏನಾಯ್ತು. ಮೂರು, ಮಾಡೆಲ್ ಕೊನೆಗೂ ಸರಿಹೋಗದಿದ್ರೂ ಕಾರಣವನ್ನ ಸರಿಯಾಗಿ ಬರೆದವರಿಗೆ ಪೂರ್ತಿ ಮಾರ್ಕ್ಸ್.

ಕನ್ನಡ ಸಂಘದ ಪತ್ರಿಕೆ ಅಂತ ಒಂದು ಮಾತು ಸೇರಿಸ್ತೀನಿ. ಆ ದಾಖಲೆಯನ್ನ ಕನ್ನಡದಲ್ಲೇ ಬರೆದು ನೋಡಿ. ಇಂಗ್ಲಿಷಲ್ಲಿ ಎರರ್ ಮೆಸೇಜನ್ನ ಹಾಗೇ ಕಾಪಿ ಮಾಡಿ, ಅದರ ಕೆಳಗೆ ‘ರಿಸಾಲ್ವ್ಡ್’ ಅಂತ ಬರೆದು ತಪ್ಪಿಸಿಕೊಳ್ಳಬಹುದು. ಕನ್ನಡದಲ್ಲಿ ‘ಗಾಳಿ ಹರೀತಿತ್ತು, ನೀರು ತಣ್ಣಗಿತ್ತು, ಯಾಕಂದ್ರೆ ಲೂಪ್ ಶೆಡ್ಯೂಲ್ ಏಪ್ರಿಲ್‌ಗೆ ಮುಗಿದು ಅಕ್ಟೋಬರ್‌ನಲ್ಲಿ ಮತ್ತೆ ಶುರು ಆಗಿರಲಿಲ್ಲ’ ಅಂತ ಬರೀಬೇಕಾದ್ರೆ ವಿಷಯ ಅರ್ಥ ಆಗಿರಲೇಬೇಕು.

ಮುಂದಿನ ಸಲ ನಿಮ್ಮ ಸ್ಕ್ರೀನ್ ಮೇಲೆ ಜನವರಿಯ ಷಿಕಾಗೊದಲ್ಲಿ ಕಾಯಿಲ್ ಸೊನ್ನೆ ತೋರಿಸಿದಾಗ ಕೆಪ್ಯಾಸಿಟಿ ಜಾಗದಿಂದ ಕೈ ತೆಗೀರಿ. ಆ ನಾಲ್ಕು ಪ್ರಶ್ನೆ ಕೇಳಿ, ಉತ್ತರ ಬರೆದಿಡಿ. ಕೊನೆಗೆ ಕಾಯಿಲ್ ನಿಜವಾಗಲೂ ಚಿಕ್ಕದು ಅಂತಾದ್ರೆ ದೊಡ್ಡದು ಮಾಡಿ, ಯಾರೂ ಬೇಡ ಅನ್ನಲ್ಲ. ಆಗ ಎಷ್ಟು ದೊಡ್ಡದು ಅನ್ನೋದಕ್ಕೂ ನಿಮ್ಮ ಹತ್ತಿರ ಲೆಕ್ಕ ಇರುತ್ತೆ.